ಮಾವನ ಮಿಷನ್ ಹುಟ್ಟಿದ ವರ್ಷ

ತೆರಕಣಾಂಬಿಯ ನಮ್ಮ ಅತ್ತೆ ಫೋನು ಮಾಡಿದರೆ ಕುಶಲ ವಿಚಾರಿಸುವ ಪದ್ಧತಿಯೇ ಇಲ್ಲ. ಎತ್ತಿದ ಕೂಡಲೇ ವಿಷಯ, ವಿಷಯ ಮುಗಿದ ಕೂಡಲೇ ಕಟ್. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಸಂಜೆ, ನಾನು ಚಾಮರಾಜನಗರದಲ್ಲಿ ಕಚೇರಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದಾಗ ಬಂದ ಕರೆಯೂ ಹಾಗೇ ಇತ್ತು.

“ನಾಳೀಕೆ ಬಾ ಮಗ. ನಿಮ್ಮಾವನ ಮರ ಕುಯ್ಯೋ ಮಿಷನ್ನು ಯಾವ ವರ್ಸ ಉಟ್ತು ಅಂತ ನೋಡಿ ಯೋಳ್ಬೇಕು.”

“ಕೆಟ್ಟೋಗದಾ ಅತ್ತೆ?”

“ಕೆಟ್ಟಿರದು ಮಿಷನ್ನಲ್ಲ, ನಿಮ್ಮಾವ. ಸ್ಪ್ಯಾನರು ಗಿಪ್ಯಾನರು ಎಲ್ಲಾ ತಕಬಾ.”

ಕಟ್.

ಮಾವ ಅಂದರೆ ನಮ್ಮಮ್ಮನ ತಮ್ಮ. ಮಿಷನ್ ಅಂದರೆ ಚೈನ್ ಗರಗಸ. ಮೊಪೆಡ್ಡಿನ ಕಾರ್ಬುರೇಟರ್ ಬಿಚ್ಚಿ ಮತ್ತೆ ಕೂರಿಸಿ ಒಂದೂ ಸ್ಕ್ರೂ ಉಳಿಸದವನು ಎಂಬ ಕೀರ್ತಿ ನನಗೆ ಕಾಲೇಜಿನ ದಿನಗಳಲ್ಲೇ ಬಂದುಬಿಟ್ಟಿದ್ದರಿಂದ, ಪೆಟ್ರೋಲು ಕುಡಿಯುವ ಯಾವುದೇ ಪ್ರಾಣಿಗೆ ಕಾಯಿಲೆಯಾದರೂ ನಮ್ಮ ಬಳಗದಲ್ಲಿ ನನಗೇ ಕರೆ. ಆದರೆ ಮಿಷನ್ನಿನ ಜನ್ಮವರ್ಷ ಹೇಳು ಅಂತ ಅದುವರೆಗೆ ಯಾರೂ ಕರೆದಿರಲಿಲ್ಲ.

ಇದರ ಹಿಂದೆ ಒಂದು ಹಳೇ ವ್ಯಾಜ್ಯ ಇತ್ತು. ಅತ್ತೆ ಕುದೇರಿನವಳು. ಅವಳನ್ನು ನೋಡಲು ಬಂದ ಗಂಡುಗಳಲ್ಲಿ ಒಬ್ಬನಿಗೆ ಜೋಡಿ ಎತ್ತು, ಇನ್ನೊಬ್ಬನಿಗೆ ಅರ್ಧ ಬಾವಿ. ನಮ್ಮ ಮಾವನ ಕಡೆಯವರು ಮಾತ್ರ, “ಗಂಡಿಗೆ ಸ್ವಂತ ಮಿಷನ್ ಅದೆ, ಗೂಡಲೂರು ಕಡೆ ಎಸ್ಟೇಟ್ನಲ್ಲಿ ಮರ ಕುಯ್ತಾನೆ” ಅಂದರಂತೆ. ಇಡೀ ಹೋಬಳಿಯಲ್ಲಿ ಕೊಡಲಿ ಬಿಟ್ಟರೆ ಎರಡಾಳು ಎಳೆಯುವ ಗರಗಸವೇ ಇದ್ದ ಕಾಲ. ಅತ್ತೆ ಒಪ್ಪಿದಳು. ಮದುವೆಯಾಗಿ ಬಂದು ನೋಡಿದರೆ ಮನೆಯಲ್ಲಿ ಮಿಷನ್ ಇಲ್ಲ. ಎಲ್ಲಿ ಅಂದರೆ, “ರಿಪೇರಿಗೆ ಓಗದೆ.” ಆ ರಿಪೇರಿ ಒಂದೂವರೆ ವರ್ಷ ನಡೆಯಿತು. ಆಮೇಲೆ ಒಂದು ದಿನ ಗೋಣಿಚೀಲದಲ್ಲಿ ಸುತ್ತಿಕೊಂಡು ಮಿಷನ್ ಮನೆಗೆ ಬಂತು. ಅವತ್ತಿನಿಂದ ಅತ್ತೆಗೆ ಒಂದೇ ಅನುಮಾನ: ಇದು ರಿಪೇರಿಯಾಗಿ ಬಂದದ್ದೋ, ಆಗ ತಾನೇ ಕೊಂಡದ್ದೋ?

ಮೂವತ್ತು ವರ್ಷದ ಮೇಲೆ ಈ ಅನುಮಾನ ಈಗೇಕೆ ಎದ್ದಿತು ಅಂದರೆ, ಮಾವನ ಕಿರಿಯ ಮಗಳಿಗೆ ಗಂಡು ಬಂದಿತ್ತು. (ಮಾವನ ಮಗಳು ಅಂದ ತಕ್ಷಣ ನೀವು ಬೇರೆ ಏನೂ ಊಹಿಸಬೇಡಿ. ಆ ಹುಡುಗಿ ನನ್ನ ಹೆಗಲ ಮೇಲೆ ಕೂತು ನನ್ನ ಕೂದಲು ಹಿಡಿದು ಎಡಕ್ಕೆ ಬಲಕ್ಕೆ ಓಡಿಸಿದವಳು.) ಅವಳು ಗುಂಡ್ಲುಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡಿನ ಕಡೆಯವರು ಹುಡುಗನಿಗೆ ಸ್ವಂತ ಜೆಸಿಬಿ ಇದೆ ಅಂದಿದ್ದರು. ಮಾವ ವಿಚಾರಿಸಿದರೆ ಅದು ಹುಡುಗನ ಭಾವನದು, ಇವನು ಓಡಿಸುವುದಷ್ಟೇ. “ಸುಳ್ಳನ ಮನೆಗೆ ಎಣ್ಣು ಕೊಡಲ್ಲ” ಅಂತ ಮಾವ ಟವೆಲು ಕೊಡವಿದ. ಹುಡುಗಿಗೆ ಹುಡುಗ ಹಿಡಿಸಿದ್ದ. ಅತ್ತೆಗೂ ಹಿಡಿಸಿದ್ದ. “ಮಿಷನ್ ಅದೆ ಅಂತ ಸುಳ್ಳೇಳಿ ಮದ್ವೆ ಆದೋರು ಈ ಮನೇಲೂ ಅವ್ರೆ” ಅಂತ ಅತ್ತೆ ಅಡುಗೆಮನೆಯಿಂದಲೇ ಗುರಿಯಿಟ್ಟಳು.

ಕೊನೆಗೆ ಗಂಡ ಹೆಂಡತಿ ಒಂದು ಕರಾರಿಗೆ ಬಂದರು. ಮಿಷನ್ ಅವರ ಮದುವೆಗಿಂತ ಈಚಿನದಾದರೆ ಮಾವ ಬಾಯಿ ಮುಚ್ಚಿಕೊಂಡು ಜೆಸಿಬಿ ಹುಡುಗನನ್ನು ಒಪ್ಪಬೇಕು. ಮದುವೆಗಿಂತ ಮುಂಚಿನದಾದರೆ ಅತ್ತೆ ಆ ಸಂಬಂಧದ ಮಾತೆತ್ತಬಾರದು. ತೀರ್ಪುಗಾರ ನಾನು.

ಭಾನುವಾರ ಬೆಳಿಗ್ಗೆ ಬಸ್ಸಿಳಿದು ಹೋದಾಗ ಅಂಗಳದಲ್ಲಿ ಚಾಪೆ ಹಾಸಿ, ಚಾಪೆಯ ಮೇಲೆ ಮಿಷನ್ ಇಟ್ಟು, ಪಕ್ಕದಲ್ಲಿ ಅತ್ತೆ ಅಂಚಿಗೆ ಅರಿಶಿನ ಹಚ್ಚಿದ ತನ್ನ ಲಗ್ನಪತ್ರಿಕೆ ಇಟ್ಟಿದ್ದಳು. ಸಾಕ್ಷಿಗೆ. ಮಾವ ಜಗುಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನ ನೆಮ್ಮದಿ ನೋಡಿಯೇ ನನಗೆ ಒಳಗೊಳಗೆ ಅಳುಕು ಶುರುವಾಯಿತು.

ಮಿಷನ್ನಿನ ಗುರುತು ಹಿಡಿಯುವುದೇ ದೊಡ್ಡ ಕೆಲಸ. ಕಿಟಕಿಗೆ ಹೊಡೆದು ಮಿಕ್ಕ ನೀಲಿ ಬಣ್ಣವನ್ನು ಮಾವ ಯಾವಾಗಲೋ ಇದಕ್ಕೂ ಬಳಿದಿದ್ದ. ಕಂಪನಿಯ ಹೆಸರು ಆ ನೀಲಿಯಡಿ ಮುಳುಗಿತ್ತು. ನಂಬರಿನ ತಗಡು ಇರಬೇಕಾದ ಜಾಗದಲ್ಲಿ ತಗಡೇ ಕಾಣದು. ಅಲ್ಲಿ ಒಂದು ಕೆಂಪು ಗುಡ್ಡ ಇತ್ತು.

“ಇದೇನ್ ಮಾವ?”

“ಕುಂಕುಮ ಕಣ್ಲಾ. ಆಯುಧ ಪೂಜೆದು.”

“ಈ ವರ್ಷದ್ದಾ?”

“ಎಲ್ಲಾ ವರ್ಸದ್ದೂ. ಇಕ್ಕಿದ್ ಕುಂಕುಮ ಒರಸ್ತಾರೇನ್ಲಾ ಯಾರಾದ್ರೂ?”

ಗಂಧ, ಅದರ ಮೇಲೆ ವಿಭೂತಿ, ಅದರ ಮೇಲೆ ಕುಂಕುಮ. ಮರುವರ್ಷ ಅದರ ಮೇಲೆ ಮತ್ತೆ ಗಂಧ. ಚೈನಿನ ಎಣ್ಣೆ ಸೋರಿ ಎಲ್ಲವೂ ಸಿಮೆಂಟಿನಂತೆ ಹಿಡಿದುಕೊಂಡಿತ್ತು. ಗಾಳಿ ಹೋಗುವ ಕಿಂಡಿಗಳಲ್ಲಿ ಒಣಗಿದ ಸೇವಂತಿಗೆ ಎಸಳುಗಳು. ಚಾಕುವಿನ ತುದಿಯಿಂದ ಒಂದು ಚಕ್ಕೆ ಎಬ್ಬಿಸಿದೆ. ಅತ್ತೆ ಅದನ್ನು ಕಸಿದುಕೊಂಡು ಬಿಸಿಲಿಗೆ ಹಿಡಿದು, “ಒಂದ್ ಪದ್ರಕ್ಕೆ ಒಂದ್ ವರ್ಸ” ಅಂತ ಎಣಿಸತೊಡಗಿದಳು. ಹನ್ನೊಂದರ ತನಕ ಬಂದಾಗ ಚಕ್ಕೆ ಪುಡಿಯಾಗಿ ಸೆರಗಿಗೆ ಬಿತ್ತು.

“ಅನ್ನೊಂದು ವರ್ಸ ಅಂತೂ ಗ್ಯಾರಂಟಿ” ಅಂದ ಮಾವ.

“ಇಪ್ಪತ್ ವರ್ಸ ಬಿದ್ದೋಯ್ತು ನನ್ ಸೀರೆ ಮ್ಯಾಲೆ” ಅಂದಳು ಅತ್ತೆ.

ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ತಗಡು ತಲುಪಿದೆ. ಮಾಡೆಲ್ಲಿನ ಅಂಕಿ ಅರ್ಧ ಅಳಿಸಿತ್ತು. ಹಳೇ ಗರಗಸಗಳ ಹುಚ್ಚು ಹತ್ತಿಸಿಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಮೊಬೈಲಿನಲ್ಲಿ ಹುಡುಕಿದರೆ ಅವರು ಹಾಕಿದ ಚಿತ್ರಗಳು ಸಿಗುತ್ತವೆ. ಹಿಡಿಯ ಬಾಗು, ಮುಂದಿನ ಬ್ರೇಕಿನ ಆಕಾರ, ಎಣ್ಣೆ ಮುಚ್ಚಳ ಎಲ್ಲಿದೆ, ಹೊಗೆ ಯಾವ ಕಡೆಯಿಂದ ಬರುತ್ತದೆ, ಇವನ್ನೆಲ್ಲ ಒಂದೊಂದಾಗಿ ಹೋಲಿಸಿದೆ. ಗಂಡಿನ ಫೋಟೋ ಹಿಡಿದು ಮೂಗು ಕಿವಿ ಹೋಲಿಸುವ ಹೆಂಗಸರ ಹಾಗೆ ನಾವು ಮೂವರೂ ಮೊಬೈಲಿನ ಮೇಲೆ ಬಗ್ಗಿದೆವು. ಜಾತಿ ಗೊತ್ತಾಯಿತು. ಆದರೆ ಆ ಮಾಡೆಲ್ಲನ್ನು ಹತ್ತಾರು ವರ್ಷ ತಯಾರಿಸಿದ್ದರು. ವರ್ಷ ಬೇಕಾದರೆ ಒಳಗೆ ನೋಡಬೇಕು.

ಪ್ಲಾಸ್ಟಿಕ್ಕಿನ ಭಾಗಗಳನ್ನು ಅಚ್ಚು ಹಾಕುವಾಗ ಒಳಮೈಗೆ ಗಡಿಯಾರದಂಥ ಒಂದು ಸಣ್ಣ ವೃತ್ತ ಬೀಳುತ್ತದೆ. ಸುತ್ತ ಹನ್ನೆರಡು ತಿಂಗಳು, ನಡುವೆ ವರ್ಷ, ಒಂದು ಬಾಣ. ಹಗ್ಗ ಎಳೆಯುವ ಕಡೆಯ ಕವರು ಬಿಚ್ಚಿ ನೋಡಿದೆ. ಇತ್ತು. ಒಂದೇ ಭಾಗವನ್ನು ನಂಬುವ ಹಾಗಿಲ್ಲ, ಕವರು ಒಡೆದು ಬೇರೆ ಹಾಕಿಸಿರಬಹುದು. ಹಿಂದಿನ ಹಿಡಿಯ ಅಡಿಯಲ್ಲೂ ಹುಡುಕಿದೆ. ಅಲ್ಲೂ ಅದೇ ವರ್ಷ.

ಲಗ್ನಪತ್ರಿಕೆ ತೆಗೆದು ನೋಡಿದೆ. ಮತ್ತೊಮ್ಮೆ ವೃತ್ತ ನೋಡಿದೆ. ಅಷ್ಟರಲ್ಲಿ ಕಾಫಿ ತಂದ ಹುಡುಗಿ ಲೋಟ ಕೊಡುವುದನ್ನೇ ಮರೆತು ನಿಂತಿದ್ದಳು.

“ಮದುವೆಗೆ ಮೂರು ವರ್ಷ ಮುಂಚಿನದು ಅತ್ತೆ.”

ಮಾವ ಜಗುಲಿಯಿಂದ ಇಳಿದು ಬಂದ ಗತ್ತು ನೋಡಬೇಕಿತ್ತು. “ಕೇಳುಸ್ಕಂಡ್ಯಾ? ಮೂರ್ ವರ್ಸ! ಮೂವತ್ ವರ್ಸದಿಂದ ನನ್ ಕಳ್ಳನ್ ಮಾಡ್ಬುಟ್ಟಿದ್ದಲ್ಲ, ಈಗೇನಂತೀಯಾ?”

ಹುಡುಗಿ ಲೋಟವನ್ನು ನನ್ನ ಮುಂದೆ ಕುಕ್ಕಿದಳು. “ತಗೊ ಬಾವ. ಸಕ್ರೆ ಆಕಿಲ್ಲ” ಅಂದು ಒಳಗೆ ಹೋದಳು. ಅತ್ತೆಯೂ ಅವಳ ಹಿಂದೆ ಹೋದಳು. ನಿಜ ಹೇಳಿದ ತಪ್ಪಿಗೆ ಸಪ್ಪೆ ಕಾಫಿ ಕುಡಿದು ಕೂತೆ. ಮಾವನಿಗೆ ಮಾತ್ರ ಉತ್ಸಾಹ ತಡೆಯಲಾಗಲಿಲ್ಲ.

“ಬಂದಿದ್ದೀಯಲ್ಲ, ಸ್ಟಾರ್ಟ್ ಮಾಡ್ಕೊಟ್ಟೇ ಓಗ್ಲಾ. ಇತ್ಲಲ್ಲಿ ಬೇವಿನ ದಿಮ್ಮಿ ಬಿದ್ದದೆ. ಇವತ್ತು ಕುಯ್ದು ತೋರುಸ್ಬುಡನ.”

ಕಾರ್ಬುರೇಟರಿಗೆ ಕೈ ಹಾಕುವ ಮೊದಲು ಗಾಳಿಯ ಫಿಲ್ಟರ್ ತೊಳೆಯಬೇಕು. ಮೇಲಿನ ಮುಚ್ಚಳದ ಸ್ಕ್ರೂ ಸಡಿಲಿಸಿ ಎತ್ತಿದೆ. ಫಿಲ್ಟರ್ ಪೂರಾ ಗುಲಾಬಿ ಬಣ್ಣ. ಮೂವತ್ತು ವರ್ಷದ ಭಕ್ತಿಯನ್ನು ಪಾಪ ಅದು ಉಸಿರಾಡಿತ್ತು. ಮುಚ್ಚಳವನ್ನು ತಿರುಗಿಸಿ ಒಳಮೈ ಒರೆಸುವಾಗ ಮೊಳೆಯಲ್ಲಿ ಗೀರಿದ ಅಕ್ಷರಗಳು ಕಂಡವು. ಮಲಯಾಳ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕೇರಳದ ಬಸ್ಸುಗಳ ಬೋರ್ಡು ನೋಡಿ ನೋಡಿ ನನಗೆ ಕೂಡಿಸಿ ಓದುವಷ್ಟು ಬರುತ್ತದೆ. ಮೇಲೆ ಒಬ್ಬನ ಹೆಸರು, ಅದರ ಕೆಳಗೆ ‘ಪಿಸ್ಟನ್ ರಿಂಗು’, ಅದರ ಕೆಳಗೆ ತಾರೀಕು. ವರ್ಕ್‌ಶಾಪಿನವರು ಯಾರ ಮಿಷನ್, ಯಾವಾಗ ಏನು ಹಾಕಿದೆವು ಅಂತ ಗುರುತಿಗೆ ಗೀರುವುದುಂಟು. ಹೆಸರು ಮಾವನದಲ್ಲ. ತಾರೀಕು ಮಾವನಿಗೆ ಮದುವೆಯಾದ ಮರುವರ್ಷದ್ದು.

ತಲೆ ಎತ್ತಿದೆ. ಮಾವ ನನ್ನನ್ನೇ ನೋಡುತ್ತಿದ್ದ.

“ಓದಕ್ಕೆ ಬತ್ತದೇನ್ಲಾ ಅದು?” ದನಿ ಪಾತಾಳಕ್ಕೆ ಇಳಿದಿತ್ತು.

“ಸೊಲ್ಪ ಬತ್ತದೆ ಮಾವ.”

“ಅಂಗಾರೆ ಮುಚ್ಚು.”

ಮುಚ್ಚಲಿಲ್ಲ, ಫಿಲ್ಟರ್ ಇನ್ನೂ ತೊಳೆದಿರಲಿಲ್ಲ. ಸೋಪಿನ ನೀರಿನಲ್ಲಿ ಅದನ್ನು ಹಿಂಡುತ್ತ ಕೂತೆ. ಮಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಳಗಿನವರಿಗೆ ಕೇಳದ ಹಾಗೆ ಹೇಳಿದ. ಮದುವೆಯ ಕಾಲಕ್ಕೆ ಮಿಷನ್ ಆ ಮಲಯಾಳಿಯದು. ಇವನು ಅವನ ಎದುರು ನಿಂತು ದಿಮ್ಮಿ ಹಿಡಿಯುವವನು. ಬೆಳಗಿನಿಂದ ಸಂಜೆ ತನಕ ಆ ಸದ್ದಿನ ಪಕ್ಕದಲ್ಲೇ. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಚೈನಿಗೆ ಅರ ಹಾಕಿ ಹಲ್ಲು ಚೂಪು ಮಾಡುವುದು, ರಾತ್ರಿ ಗೋಣಿ ಹೊದಿಸುವುದು ಎಲ್ಲ ಇವನೇ. “ಎಣ್ಣು ನೋಡಕ್ಕೋದಾಗ ದೊಡ್ಡೋರು ಸ್ವಂತ ಮಿಷನ್ ಅಂದ್ಬುಟ್ರು. ಅಲ್ಲ ಅನ್ನಕ್ಕೆ ನನ್ ಬಾಯೇ ಬರ್ನಿಲ್ಲ ಕಣ್ಲಾ. ಅವಳು ಬಾಗ್ಲಲ್ಲಿ ನಿಂತ್ಕಂಡು ನೋಡ್ತಾ ಇದ್ಲು.”

“ಆಮೇಲೆ?”

“ಆಮೇಲೇನು, ಆ ಮನ್ಸನಿಗೆ ಸೊಂಟ ನೋವು ಬಂತು. ಮಿಷನ್ ನಂಗೇ ಮಾರ್ದ. ಸುಳ್ಳೇಳಿದ್ ಒಂದೂವರೆ ವರ್ಸಕ್ಕೆ ನಿಜ ಆಯ್ತು. ಆಗ ಯೋಳನ ಅಂದ್ರೆ, ನಿಜ ಆಗೋಗದಲ್ಲ, ಇನ್ ಯೋಳದೇನು ಅನ್ನುಸ್ತು.”

ನಾನು ಬಿಸಿಲಲ್ಲಿ ಒಣಗಿದ ಫಿಲ್ಟರ್ ಕೂರಿಸಿ ಮುಚ್ಚಳ ಬಿಗಿದೆ. ನಾನು ಒಪ್ಪಿಕೊಂಡದ್ದು ಮಿಷನ್ ಹುಟ್ಟಿದ ವರ್ಷ ಹೇಳುವುದಕ್ಕೆ, ಹೇಳಿಯಾಗಿತ್ತು. ಮಿಕ್ಕದ್ದು ಮಾವನ ಬಾಯಿಗೆ ಸೇರಿದ್ದು.

ಟ್ಯೂನಿಂಗಿಗೆ ಮೂರು ಸ್ಕ್ರೂ. ನಿಧಾನ ಓಟದ್ದೊಂದು, ಜೋರು ಓಟದ್ದೊಂದು, ಸುಮ್ಮನೆ ನಿಂತಾಗ ಆರದಂತೆ ನೋಡಿಕೊಳ್ಳುವುದೊಂದು. ಮೊದಲೆರಡನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ತಾಗಿತು ಅನ್ನುವಲ್ಲಿ ನಿಲ್ಲಿಸಿ, ಅಲ್ಲಿಂದ ಒಂದೊಂದು ಸುತ್ತು ಹಿಂದಕ್ಕೆ ತಂದೆ. ಹೊಸ ಪೆಟ್ರೋಲು, ಅಳತೆಯ ಆಯಿಲು. ಒಂಬತ್ತು ಸಲ ಹಗ್ಗ ಎಳೆದೆ. ಹತ್ತನೆಯದಕ್ಕೆ ಮಿಷನ್ ಕೆಮ್ಮಿ, ಒಂದು ಬಾಯಿ ನೀಲಿ ಹೊಗೆ ಉಗುಳಿ, ಹೊತ್ತಿಕೊಂಡಿತು. ಪಕ್ಕದ ಮನೆಯ ಕೋಳಿಗಳು ಬೇಲಿ ಹಾರಿದವು. ಅತ್ತೆ, ಹುಡುಗಿ ಇಬ್ಬರೂ ಬಾಗಿಲಿಗೆ ಬಂದರು. ಬಂಡೀಪುರದ ಕಡೆಯಲ್ಲಾಗಿದ್ದರೆ ಕಾಫಿ ಆರುವ ಮೊದಲೇ ಫಾರೆಸ್ಟ್ ಗಾರ್ಡ್ ಬಂದು ನಿಲ್ಲುತ್ತಿದ್ದ, ನಮಗೆ ಕೋಳಿಗಳಷ್ಟೇ.

ಮಿಷನ್ ಬಿಸಿಯಾಗಲು ಬಿಟ್ಟು, ನಿಧಾನದ ಸ್ಕ್ರೂ ತಿರುಗಿಸುತ್ತ, ಆಕ್ಸಿಲರೇಟರ್ ಒತ್ತಿದರೆ ತಡವರಿಸದೆ ಏಳುವ ಹಾಗೆ ಮಾಡಿದೆ. ಬಿಟ್ಟಾಗ ಚೈನು ತಿರುಗದೆ ನಿಲ್ಲಬೇಕು, ಎಂಜಿನ್ ಆರಬಾರದು, ಅದೂ ಆಯಿತು. ಜೋರಿನ ಸ್ಕ್ರೂವಿಗೆ ಬಂದಾಗ ಮಾವನಿಗೂ ನನಗೂ ಜಗಳ.

“ಇನ್ನೂ ಟೈಟ್ ಮಾಡ್ಲಾ. ಕೀ ಅಂತ ಕೂಗ್ಬೇಕು! ಇದೇನ್ ಗಂಟ್ಲು ಕಟ್ಟಿದ್ ಕೋಣನಂಗೆ!”

“ಖಾಲಿ ಓಡೋವಾಗ ಗಂಟಲು ಕಟ್ಟಿದಂಗೇ ಇರಬೇಕು ಮಾವ. ಮರಕ್ಕೆ ಇಳಿದಾಗ ದನಿ ತಾನಾಗೇ ಬಿಡ್ತದೆ. ಖಾಲಿಯಲ್ಲೇ ಕೀ ಅಂದ್ರೆ ಒಳಗೆ ಸುಟ್ಟೋಗ್ತಾ ಅದೆ ಅಂತ ಅರ್ಥ.”

ಮಾವ ಮಿಷನ್ ಎತ್ತಿಕೊಂಡು ಹಿತ್ತಲಿಗೆ ನಡೆದ. ನಾವೆಲ್ಲ ಹಿಂದೆ ಹೋದೆವು. ಬೇವಿನ ದಿಮ್ಮಿಗೆ ಚೈನು ತಾಗಿಸಿದ ಕೂಡಲೇ ಆ ಕಟ್ಟಿದ ಗಂಟಲು ಬಿಟ್ಟು, ಮಿಷನ್ ಒಂದೇ ಸಮ ಹಾಡತೊಡಗಿತು. ಹೊಟ್ಟು ಮಾವನ ಲುಂಗಿ ತುಂಬ ಹಾರಿತು. ತುಂಡು ಉರುಳಿತು. ಮಾವ ಮಿಷನ್ ಆರಿಸಿ ದಿಮ್ಮಿಯ ಮೇಲಿಟ್ಟು, ಅದರ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು ಮಗಳ ಕಡೆ ತಿರುಗಿದ.

“ಅಮ್ಮಿ, ಆ ಜೆಸಿಬಿ ಹುಡ್ಗನ್ ನಂಬರ್ ಅದಾ ನಿನ್ತಾವು?”

ಅವಳು ಇದೆ ಅನ್ನುವ ಮೊದಲೇ ಫೋನು ಒತ್ತಿಯಾಗಿತ್ತು. “ಓಹೋ, ಬೆರಳ್ ತುದೀಲೇ ಮಡಿಕಂಡಿದ್ದೀಯಾ” ಅಂದ ಮಾವ ಅದನ್ನು ಇಸಿದುಕೊಂಡ.

“ಗೆದ್ದೋನು ನೀನಲ್ವಾ? ಈಗ್ಯಾಕೆ ಫೋನು?” ಅತ್ತೆ ಕೇಳಿದಳು. ಮಾವ ಕೈಯೆತ್ತಿ ಸುಮ್ಮನಿರು ಅಂದ. ಸ್ಪೀಕರಿನಲ್ಲಿ ಹುಡುಗನ ಹಲೋ ಬಂತು.

“ಏನಪ್ಪಾ, ಎಣ್ಣಿನ್ ತಂದೆ ಮಾತಾಡ್ತಿರದು. ಆ ಗಾಡಿ ಯಾರ್ದು?”

ಹುಡುಗಿ ನನ್ನ ತೋಳನ್ನು ಹಿಡಿದುಕೊಂಡಿದ್ದಳು, ಉಗುರು ಊರುವಷ್ಟು ಗಟ್ಟಿಯಾಗಿ.

“ನಮ್ ಭಾವಂದು ಸಾರ್. ನಮ್ಮೋರು ನಂದು ಅಂದ್ಬುಟ್ರು. ನಾನು ಅಲ್ಲೇ ಅಲ್ಲ ಅನ್ಬೇಕಿತ್ತು, ಅನ್ನಿಲ್ಲ. ತಪ್ಪಾಯ್ತು ಸಾರ್.”

ಮಾವ ಫೋನನ್ನು ಮುಖದಿಂದ ದೂರ ಹಿಡಿದು ಅದನ್ನೇ ನೋಡಿದ. ಆಮೇಲೆ, “ಬರೋ ಭಾನ್ವಾರ ಊಟಕ್ಕೆ ಬಾ. ನಿಮ್ಮೋರ್ನೂ ಕರ್ಕಬಾ” ಅಂದು ಮಗಳ ಕೈಗೆ ಕೊಟ್ಟ. ಅವಳು ಫೋನು ಎತ್ತಿಕೊಂಡು ಅಂಗಳದ ಬಾವಿಯ ಕಡೆ ಓಡಿದಳು. ಅತ್ತೆ ಗಂಡನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಆ ಮುಚ್ಚಳ ತಗದಾಗ್ಲಿಂದ ಇಬ್ರೂ ಪಿಸಪಿಸ ಅಂತಿದ್ರಿ. ಏನಿತ್ತು ಅದ್ರೊಳಗೆ?” ಅಂದಳು.

“ಕುಂಕುಮ ಅತ್ತೆ” ಅಂದೆ ನಾನು.

ಮಾವ ಅದನ್ನು ಕೇಳಿಸಿಕೊಂಡ ಹಾಗೇ ಇರಲಿಲ್ಲ. ಲುಂಗಿಯ ಹೊಟ್ಟು ಕೊಡವುತ್ತ, ತನ್ನಷ್ಟಕ್ಕೆ ತಾನೇ ಗೊಣಗಿದ: “ಒಂದೇ ಏಟ್ಗೆ ಯೋಳ್ಬುಟ್ನಲ್ಲಾ, ಕಳ್ ನನ್ಮಗ.”

ಅತ್ತೆ ಒಳಗೆ ಹೋಗಲಿಲ್ಲ. ಉರುಳಿದ ಬೇವಿನ ತುಂಡನ್ನು ಕಾಲಲ್ಲಿ ನೆಟ್ಟಗೆ ಮಾಡಿ ಅದರ ಮೇಲೆ ಕೂತು, “ಅವ್ನೇನೋ ಯೋಳ್ದ. ಇನ್ಯಾರ್ ಯೋಳ್ಬೇಕಿತ್ತು? ಯೋಳು, ನಂಗೇನೂ ಅರ್ಜೆಂಟಿಲ್ಲ” ಅಂದಳು. ನಾನು ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡು, ಹಿತ್ತಲ ಬಾಗಿಲು ಎಳೆದು, ಸಕ್ಕರೆ ಹಾಕಿದ ಕಾಫಿ ಸಿಗುತ್ತದಾ ಅಂತ ಹುಡುಗಿಯನ್ನು ಹುಡುಕಿಕೊಂಡು ಹೊರಟೆ.