ಐದು ಬೂದು ವೀರರು

ಮೋಡ ಕವಿದ ದಿನ ಬಣ್ಣದ ಮೇಸ್ತ್ರಿ ಬಣ್ಣ ಕಲಸುವವನೇ ಅಲ್ಲ. ಕಂಪನಿಯವರು ಚೀಟಿಯಲ್ಲಿ ಬರೆದುಕೊಟ್ಟ ಅಳತೆ ಅವನಿಗೆ ಬರೀ ಪೀಠಿಕೆ. ಕಲಸಿದ್ದನ್ನು ಬೆರಳಗಲದ ತಗಡಿನ ಪಟ್ಟಿಗೆ ಒಂದು ಕೈ ಬಳಿದು, ಒಣಗಿಸಿ, ಗ್ಯಾರೇಜಿನ ಅಂಗಳಕ್ಕೆ ಒಯ್ದು, ಬಿಸಿಲಲ್ಲಿ ಕಾರಿನ ಮೈಗೆ ಒತ್ತಿ ಹಿಡಿಯುತ್ತಿದ್ದ. ಒಂದು ಕಣ್ಣು ಮುಚ್ಚಿ ನೋಡಿ, “ಹತ್ತು ವರ್ಷ ಬಿಸಿಲು ಕುಡಿದ ಕಾರು ಇದು, ಇನ್ನೆರಡು ತೊಟ್ಟು ಕಪ್ಪು ಕೇಳ್ತಿದೆ” ಅನ್ನುತ್ತಿದ್ದ. ಎರಡೇ ತೊಟ್ಟು. ಆಮೇಲೆ ಆ ಪಟ್ಟಿಯನ್ನು ಕಾರಿನ ಮೇಲೆ ಬಿಟ್ಟರೆ ಕೈಯಾಡಿಸಿಯೇ ಹುಡುಕಬೇಕು, ಕಣ್ಣಿಗೆ ಸಿಗುತ್ತಿರಲಿಲ್ಲ. ಮೂವತ್ತು ವರ್ಷ ಈ ಎರಡು ಕಣ್ಣಿನಿಂದಲೇ ಉಂಡವನು, ಉಟ್ಟವನು, ಊರೆಲ್ಲ ಹೆಸರು ಮಾಡಿದವನು.

ಅಂಥವನು ಬಣ್ಣ ಹೊಡೆದ ಬಾಗಿಲೊಂದು ಹೋದ ವಾರ ವಾಪಸು ಬಂತು. ಕಾರು ಶಾಲೆಯ ಟೀಚರಮ್ಮನದು.

“ಏನ್ರೀ, ಬಾಗಿಲು ನೆಗ್ಗಿದೆ ಅಂತ ಕೊಟ್ರೆ ಯಾರದೋ ಬಾಗಿಲು ತಂದು ಸಿಗಿಸಿದ್ದೀರಲ್ಲ! ಕಾರು ನೀಲಿ, ಬಾಗಿಲು ಹಸಿರು. ಟೀಚರ್ ಕಾರಿಗೆ ತೇಪೆ ಹಾಕ್ಸಿದ್ದಾರೆ ಅಂತ ಮಕ್ಕಳೆಲ್ಲ ಮುಸಿಮುಸಿ ನಗ್ತಾವೆ.”

ಗ್ಯಾರೇಜಿನ ಒಡತಿ ಹೊರಗೆ ಬಂದಳು. ಎರಡು ತಿಂಗಳಲ್ಲಿ ಹೀಗೆ ಮರಳಿ ಬಂದ ಮೂರನೇ ಕಾರು ಇದು. ಮೊದಲನೆಯದಕ್ಕೆ ಮೇಸ್ತ್ರಿ ಹವೆಯನ್ನು ಬೈದಿದ್ದ, ಎರಡನೆಯದಕ್ಕೆ ಬಣ್ಣ ತೆಳು ಮಾಡುವ ಥಿನ್ನರನ್ನು ಬೈದಿದ್ದ. ಈಗ ಬಾಗಿಲನ್ನೂ ಕಾರಿನ ಮೈಯನ್ನೂ ಮೂರು ಸಲ ನೋಡಿದ. ಅವನ ಕಣ್ಣಿಗೆ ಎರಡೂ ಒಂದೇ. ಬುದ್ಧಿಗಿಂತ ಮೊದಲು ನಾಲಿಗೆ ಓಡಿತು.

“ನನ್ನ ಬಣ್ಣ ಸರಿಯಾಗೇ ಇದೆ ಮೇಡಂ. ಅಡಿಗೆ ಬಳಿದ ಪ್ರೈಮರ್ ಎಡವಟ್ಟಾಗಿದೆ. ಅಡಿ ಕೆಟ್ರೆ ಮೇಲಿನ ಬಣ್ಣ ತಿರುಗಿಬಿಡುತ್ತೆ.”

ನೆಗ್ಗಿದ ತಗಡು ಬಡಿದು ಸಮ ಮಾಡಿ, ಪ್ರೈಮರ್ ಬಳಿದು ಕೊಡುವುದು ಟಿಂಕರನ ಕೆಲಸ. ಹನ್ನೆರಡು ವರ್ಷದಿಂದ ಮೇಸ್ತ್ರಿಯ ಪಕ್ಕದಲ್ಲೇ ಕೂತು ಟೀ ಕುಡಿದವನು. ಬಾಯಿ ತೆರೆದವನು ಮೇಸ್ತ್ರಿಯ ಮುಖ ನೋಡಿ ಹಾಗೇ ಮುಚ್ಚಿಕೊಂಡ. ಬಣ್ಣದ ವಿಷಯದಲ್ಲಿ ಮೇಸ್ತ್ರಿ ಅಂದಮೇಲೆ ಮುಗಿಯಿತು, ಅದಕ್ಕೆ ಎದುರಾಡಿದವರು ಆ ಗ್ಯಾರೇಜಿನಲ್ಲಿ ಹುಟ್ಟಿರಲಿಲ್ಲ.

“ತಿಂಗಳು ಮುಗಿಯೋವರೆಗೆ ಇರಪ್ಪ, ಆಮೇಲೆ ಬೇರೆ ಕಡೆ ನೋಡ್ಕೋ” ಅಂದಳು ಒಡತಿ ಟಿಂಕರನಿಗೆ.

ಮೇಸ್ತ್ರಿಯ ಬಣ್ಣದ ಪುಸ್ತಕದೊಳಗೆ ಕಣ್ಣಿನ ಡಾಕ್ಟರ ಚೀಟಿಯೊಂದು ಮಡಚಿಕೊಂಡು ಕೂತಿತ್ತು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಪೊರೆಯಲ್ಲ ಅಂದಿದ್ದರು ಡಾಕ್ಟರು. ಮೂವತ್ತು ವರ್ಷ ಮೂಗಿಗೆ ಏನೂ ಕಟ್ಟಿಕೊಳ್ಳದೆ ಎಳೆದುಕೊಂಡ ಥಿನ್ನರಿನ ಗಾಳಿ ಒಳಗಿನ ನರವನ್ನೇ ತಿಂದಿತ್ತು. ಮೊದಲು ಹೋದದ್ದು ನೀಲಿ ಹಸಿರಿನ ನಡುವಿನ ಗೆರೆ. ಆ ಚೀಟಿಯ ಸುದ್ದಿಯನ್ನು ಅವನು ಯಾರ ಮುಂದೆಯೂ ಉಸುರಿರಲಿಲ್ಲ.

ರಜೆಯ ದಿನ ಅಕ್ಕ ಊಟಕ್ಕೆ ಕರೆದಳು. ಉಂಡು ಗೋಡೆಗೊರಗಿ ಕೂತಿದ್ದಾಗ ಅಕ್ಕನ ಮಗಳು ಟೀವಿಯಲ್ಲಿ ಏನೋ ತಡಕಾಡಿ, “ಮಾಮ, ನೋಡಿ ಯಾರು ಸಿಕ್ಕಿದ್ದಾರೆ!” ಎಂದು ಕೂಗಿದಳು. ಹಳೆಯ ಹಾಡು ಕೇಳಿದ್ದೇ ತಡ, ಐವತ್ತು ದಾಟಿದ ಅಕ್ಕ ತಮ್ಮ ಇಬ್ಬರೂ ನೆಟ್ಟಗೆ ಕೂತರು.

ಅದು ಜಪಾನಿನಿಂದ ಬಂದ ಐದು ವೀರರ ಧಾರಾವಾಹಿ. ಇವರ ಚಿಕ್ಕಂದಿನಲ್ಲಿ ಬೀದಿಗೆಲ್ಲ ಒಂದೇ ಟೀವಿ, ಹೊಲಿಗೆಯವರ ಮನೆಯದು, ಕಪ್ಪುಬಿಳುಪು. ಬಾಗಿಲಲ್ಲಿ ಚಪ್ಪಲಿಯ ರಾಶಿ, ಒಳಗೆ ಮಕ್ಕಳ ರಾಶಿ. ರಬ್ಬರಿನ ರಾಕ್ಷಸ ಬಂದು ರಟ್ಟಿನ ಊರು ತುಳಿಯುತ್ತಿದ್ದ. ವೀರರ ಮಾತು ನಮ್ಮ ಭಾಷೆಯದು, ತುಟಿ ಮಾತ್ರ ಅವರದು. ಬಾಯಿ ಮುಚ್ಚಿದ ಮೇಲೂ ಮಾತು ಬರುತ್ತಲೇ ಇರುತ್ತಿತ್ತು. ಐವರಿಗೆ ಐದು ಬಣ್ಣ ಎಂದು ಹಾಡು ಹೇಳುತ್ತಿತ್ತು, ಆದರೆ ಅವರು ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ನಂಬರಿನಿಂದ. ಯಾರದು ಯಾವ ಬಣ್ಣ? ಪರದೆಯ ಮೇಲೆ ಐವರೂ ಬೂದು. ಬೀದಿಯಲ್ಲಿ ಇದಕ್ಕೇ ಕಪಾಳಮೋಕ್ಷವಾಗುತ್ತಿತ್ತು.

ಆಗ ಎಂಟು ವರ್ಷದ ಮೇಸ್ತ್ರಿ ಎದ್ದು ನಿಂತು, “ನನಗೆ ಕಾಣುತ್ತೆ” ಅಂದಿದ್ದ. “ಬೂದಿನೊಳಗಿನ ಬಣ್ಣ ನನಗೆ ಕಾಣುತ್ತೆ.” ಮೊದಲ ದಿನ ಬಿಟ್ಟದ್ದು ಬರೀ ಬುರುಡೆ. ಕೇಳಿದವರೆಲ್ಲ ತಲೆಯಾಡಿಸಿದ ಮೇಲೆ ಅವನೇ ನಂಬಿಬಿಟ್ಟ. ಒಂದನೇ ನಂಬರು ನೀಲಿ, ಅದು ತನಗೆ. ಮೂರನೆಯದು ಹಳದಿ, ಅದು ಅಕ್ಕನಿಗೆ. ಅಕ್ಕ ಅಮ್ಮನ ರವಿಕೆಗೆಂದು ತಂದಿಟ್ಟ ಹಳದಿ ಬಟ್ಟೆಯನ್ನು ಕತ್ತರಿಸಿ ಕೊರಳಿಗೆ ಕಟ್ಟಿಕೊಂಡಳು, ಅಮ್ಮನ ಕೈಯಲ್ಲಿ ಬೆನ್ನಿಗೆ ಬಾಸುಂಡೆ ಬರುವಂತೆ ಏಟು ತಿಂದಳು. ಕೊನೆಗೆ ಬಣ್ಣದಂಗಡಿಯವನು ಅವನನ್ನು ಕೆಲಸಕ್ಕೆ ಸೇರಿಸಿಕೊಂಡದ್ದೂ ಬೂದಿನೊಳಗೆ ಬಣ್ಣ ಕಾಣುವ ಹುಡುಗ ಎಂಬ ಹೆಸರಿನಿಂದಲೇ.

ಈಗ ಅದೇ ಐವರು ಬಣ್ಣ ತೊಟ್ಟು ನಿಂತಿದ್ದರು. ಅಕ್ಕ ತೊಡೆ ತಟ್ಟಿಕೊಂಡು ನಕ್ಕಳು.

“ಅಯ್ಯೋ ಪಾಪಿ! ಮೂರನೇ ನಂಬರು ಹಳದಿ ಅಲ್ವೋ, ಗುಲಾಬಿ! ಸುಮ್ಸುಮ್ನೆ ಏಟು ತಿನ್ನಿಸ್ದೆ ನನಗೆ!”

“ಮಾಮ, ನಿಮ್ಮ ಒಂದನೇ ನಂಬರಂತೂ ಅಪ್ಪಟ ಕೆಂಪು” ಎಂದಳು ಹುಡುಗಿ. “ಹೋಗ್ಲಿ, ಈಗ ಕಲರ್ ಟೀವಿ ಇದೆ, ಈಗಲಾದ್ರೂ ಹೇಳಿ. ಇದರಲ್ಲಿ ನೀಲಿ ಯಾರು?”

ಪರದೆಯ ಮೇಲೆ ಎರಡನೆಯವನೂ ನಾಲ್ಕನೆಯವನೂ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. ಒಂದೇ ಡಬ್ಬಿಯಿಂದ ಬಳಿದಂತೆ ಕಂಡರು. ಮೇಸ್ತ್ರಿ ಎಂಟು ವರ್ಷದವನ ಅದೇ ಗತ್ತಿನಲ್ಲಿ ಬೆರಳು ಚಾಚಿದ. “ನಾಲ್ಕನೆಯವನು.”

“ಮಾಮನ ತಮಾಷೆ ನೋಡಮ್ಮ!” ಹುಡುಗಿ ಬಿದ್ದು ಬಿದ್ದು ನಕ್ಕಳು.

ಅಕ್ಕ ನಗಲಿಲ್ಲ. “ಹೋಗಿ ಟೀಗಿಡು” ಎಂದು ಮಗಳನ್ನು ಎಬ್ಬಿಸಿದಳು. ಅವಳು ಅಡುಗೆಮನೆಗೆ ಹೋದಮೇಲೆ ತಮ್ಮನ ಪಕ್ಕ ಸರಿದು ಕೂತಳು.

“ಎಷ್ಟು ದಿನದಿಂದ?”

“ಏನು ಎಷ್ಟು ದಿನದಿಂದ?”

“ನನ್ನ ಹತ್ರ ಆಟ ಆಡ್ಬೇಡ. ಅದು ಹಸಿರು ಕಣೋ. ಎಳೇ ಕೂಸೂ ಹೇಳುತ್ತೆ.”

ಅವನು ಹೇಳಿದ. ಡಾಕ್ಟರ ಚೀಟಿ ಹೇಳಿದ, ಟೀಚರಮ್ಮನ ಬಾಗಿಲು ಹೇಳಿದ, ತಡೆದು ತಡೆದು ತಪ್ಪನ್ನು ಟಿಂಕರನ ಮೇಲೆ ಹೊರಿಸಿದ್ದನ್ನೂ ಹೇಳಿದ. ಅಕ್ಕ ಟೀವಿಯ ಸದ್ದು ಕಡಿಮೆ ಮಾಡಿದಳು.

“ಆಗ್ಲೂ ನೀನು ಕಾಣದ್ದನ್ನ ಕಂಡೆ ಅಂದೆ, ಏಟು ನಾನು ತಿಂದೆ. ನನ್ನ ಬೆನ್ನು ಎರಡು ದಿನಕ್ಕೆ ಆರ್ತು. ಆ ಟಿಂಕರನ ಮನೇಲಿ ಎಷ್ಟು ಜನ?”

“ಐದು.”

ಟೀವಿಯಲ್ಲಿ ರಟ್ಟಿನ ಊರು ಬೀಳುತ್ತಿತ್ತು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಚೀಟಿಯನ್ನು ಒಡತಿಯ ಮೇಜಿನ ಮೇಲಿಟ್ಟ. ಟಿಂಕರನನ್ನೂ ಕರೆಸಿ, ಅವನೆದುರಿಗೇ, “ಪ್ರೈಮರ್ ಸರಿಯಾಗಿತ್ತು ಮೇಡಂ. ಕೆಟ್ಟಿದ್ದು ನನ್ನ ಕಣ್ಣು” ಅಂದ. ಒಡತಿ ಚೀಟಿಯನ್ನು ಎರಡು ಸಲ ಓದಿದಳು.

“ಅವನ ಕೆಲಸ ಅವನಿಗಿರುತ್ತೆ. ನಿಮ್ಮದು ನೋಡೋಣ ಮೇಸ್ತ್ರಿ. ಟೀಚರ್ ಬಾಗಿಲು ಇವತ್ತೇ ಆಗ್ಬೇಕು. ನೀವು ಕಲಸಿ, ಬಿಸಿಲಲ್ಲಿ ಅವನು ನೋಡ್ಲಿ.”

ಹೊರಗೆ ಬಂದಾಗ ಟಿಂಕರ ಮೊದಲ ಸಲ ಬಾಯಿಬಿಟ್ಟ.

“ಬಣ್ಣ ಕಾಣಲ್ಲ, ಸರಿ ಅಣ್ಣ. ಆವತ್ತು ನನ್ನ ಮುಖನೂ ಕಾಣಲಿಲ್ವಾ?”

ಮೇಸ್ತ್ರಿ ಒಳಗೆ ನಡೆದ. ಕಲಸುವ ಮೇಜಿನ ಮುಂದೆ ನಿಂತು, ಕಂಪನಿಯ ಅಳತೆ ಚೀಟಿಯಲ್ಲಿದ್ದಂತೆ ಒಂದಕ್ಷರವೂ ತಪ್ಪದೆ ಬಣ್ಣ ಹೊಯ್ದ. ಡಬ್ಬಿಗಳ ಮೇಲಿನ ಹೆಸರನ್ನು ಎರಡೆರಡು ಸಲ ಓದಿದ. ಪಟ್ಟಿಗೆ ಬಳಿದು, ಒಣಗಿಸಿ, ಚಾಚಿದ. ಟಿಂಕರ ಅದನ್ನು ಅಂಗಳಕ್ಕೆ ಒಯ್ದು ಕಾರಿನ ಮೈಗೆ ಹಿಡಿದ, ತಿರುಗಿ ಬಂದ.

“ಹೊಂದಿಲ್ಲ.”

“ಯಾವ ಕಡೆ ಹೋಗಿದೆ?”

“ಹಸಿರು ಕಡೆ.”

ಮೇಸ್ತ್ರಿ ಎರಡು ತೊಟ್ಟು ನೀಲಿ ಬಿಟ್ಟ. ಹೊಸ ಪಟ್ಟಿ. ಟಿಂಕರ ಮತ್ತೆ ಬಿಸಿಲಿಗೆ ಹೋದ, ಈ ಸಲ ನೋಡಿಯೂ ನೋಡದಂತೆ ಬೇಗನೆ ಬಂದ.

“ಹೊಂದಿಲ್ಲ.”

ನಿಜವಾಗಿ ಹೊಂದಿಲ್ಲವೋ, ಆವತ್ತಿನ ಸಿಟ್ಟು ಮಾತಾಡುತ್ತಿದೆಯೋ. ಮೇಸ್ತ್ರಿ ಟಿಂಕರನ ಮುಖ ನೋಡಿದ. ಆ ಮುಖ ಏನನ್ನೂ ಬಿಟ್ಟುಕೊಡಲಿಲ್ಲ. ಪಟ್ಟಿಯನ್ನು ತಾನೂ ಬೆಳಕಿಗೆ ಹಿಡಿದ. ಕಂಡದ್ದು ನೀಲಿಯೂ ಅಲ್ಲದ, ಹಸಿರೂ ಅಲ್ಲದ ಬೂದು, ಹೊಲಿಗೆಯವರ ಮನೆಯ ಟೀವಿಯಲ್ಲಿ ಕಂಡಂಥದೇ ಬೂದು.

“ಎಷ್ಟು ತೊಟ್ಟು ಬೇಕು, ನೀನೇ ಹೇಳಪ್ಪ” ಅಂದು, ನೀಲಿಯ ಡಬ್ಬಿಯ ಮುಚ್ಚಳ ಮತ್ತೆ ತೆಗೆದ.