ಹೊಸ್ತಿಲಾಚೆ ಕುಳಿತು ಕರೆಯುವ ಲಾಡಬಿ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಇನ್ನೂ ಮಗ್ಗಗಳ ಸದ್ದು ಎದ್ದಿಲ್ಲ. ಸೀರೆ ವ್ಯಾಪಾರಿ ಅಮಾತೆಪ್ಪನ ಮನೆಯ ಅಂಗಳದಲ್ಲಿ ಲಾಡಬಿ ಕುಕ್ಕರಗಾಲಿನಲ್ಲಿ ಕುಳಿತಿದ್ದಾಳೆ. ಎದುರಿಗೆ ಎತ್ತರದ ಹೊಸ್ತಿಲು, ಅದರಾಚೆ ಪಡಸಾಲೆ, ಅದಕ್ಕೂ ಆಚೆ ಕತ್ತಲೆ ಕೋಣೆ. ಆ ಕತ್ತಲೆಗೆ ಮುಖ ಮಾಡಿ ಆಕೆ ಮೆಲ್ಲಗೆ ಕರೆಯುತ್ತಾಳೆ.

“ಬಾ ಯವ್ವಾ. ಬಿಸಲು ಬರೂ ಹೊತ್ತಾತು.”

ಒಳಗೆ ಗೋಡೆಗೆ ಕೈ ಉಜ್ಜುವ ಸದ್ದು. ಸ್ವಲ್ಪ ಹೊತ್ತಿಗೆ ಅಮಾತೆಪ್ಪನ ತಾಯಿ ಗುರುಲಿಂಗವ್ವ, ಎಪ್ಪತ್ತರ ಆಸುಪಾಸಿನ ವಿಧವೆ, ಕೋಲೂರಿಕೊಂಡು ಬಾಗಿಲಲ್ಲಿ ಕಾಣುತ್ತಾಳೆ. ಮೂರು ತಿಂಗಳ ಹಿಂದೆ ಆಕೆಯ ತೊಡೆಯ ಎಲುಬು ಮುರಿದಿತ್ತು.

“ಇವತ್ತ ಬ್ಯಾಡ ಲಾಡಬಿ. ತೊಡಿ ಸಿಡೀತೈತಿ.”

“ಸಿಡೀಲಿ. ಸಿಡ್ಯಾಕ ಜೀವ ಇರಬೇಕಲ್ಲ. ಎಡಗಾಲು ಮೊದಲ ಇಡು.”

ಲಾಡಬಿ ಎದ್ದು ಹೋಗಿ ಕೈ ಹಿಡಿಯುವುದಿಲ್ಲ. ಆ ಹೊಸ್ತಿಲನ್ನು ಆಕೆ ದಾಟುವಂತಿಲ್ಲ. ದಾಟಬೇಡ ಎಂದು ಯಾರೂ ಹೇಳಿಲ್ಲ, ಹೇಳುವ ಅಗತ್ಯವೂ ಬಿದ್ದಿಲ್ಲ. “ನಾ ಒಳಗ ಹೋಗಾಂಗಿಲ್ಲಲ್ರಿ ಮಾಸ್ತರ್ರ, ಅದಕ್ಕ ಆಕೀನ ಹೊರಗ ಬರಬೇಕು. ಇದೂ ಒಂದು ಅನುಕೂಲ ಆಗೇತಿ” ಎನ್ನುತ್ತಾಳೆ, ಆಕೆಯ ಕೆಲಸ ನೋಡಲು ಪರವೂರಿನಿಂದ ಬಂದ ಶಾಲೆ ಮಾಸ್ತರನಾದ ನನಗೆ. ಹೇಳುವಾಗ ಮುಖದಲ್ಲಿ ನಗೆಯಿಲ್ಲ. ಮುದುಕಿ ಅಂಗಳಕ್ಕೆ ಇಳಿದ ಮೇಲೆ ಮಾತ್ರ ಆಕೆಯ ರಟ್ಟೆಗೆ ಕೈ ಕೊಡುತ್ತಾಳೆ. ಆ ದಿನ ಇಬ್ಬರೂ ಕೂಡಿ ಹದಿನೇಳು ಹೆಜ್ಜೆ ನಡೆಯುತ್ತಾರೆ. ತಿರುಗಿ ಒಳಗೆ ಹೋಗುವ ಮುಂಚೆ ಸೊಸೆ ಒಂದು ಚೊಂಬು ನೀರು ತಂದು ಅತ್ತೆಯ ಕೈಕಾಲಿಗೆ ಹಾಕುತ್ತಾಳೆ. ಲಾಡಬಿ ಅದನ್ನು ನೋಡಿಯೂ ನೋಡದವಳಂತೆ ಸೆರಗು ಕೊಡವಿ ಮುಂದಿನ ಮನೆಗೆ ಹೊರಡುತ್ತಾಳೆ.

ಈ ಕೆಲಸಕ್ಕೆ ಊರಿನಲ್ಲಿ ಹೆಸರಿಲ್ಲ. ಎಲುಬು ಕೂಡಿಸುವವನಿಗೆ ಹೆಸರಿದೆ, ಸೂಲಗಿತ್ತಿಗೆ ಹೆಸರಿದೆ. ಬಿದ್ದ ಮುದುಕಿಯರನ್ನು ಎಬ್ಬಿಸಿ ನಡೆಸುವವಳನ್ನು ಏನೆಂದು ಕರೆಯಬೇಕೋ ಯಾರಿಗೂ ಗೊತ್ತಿಲ್ಲ. ದಿನಕ್ಕೆ ಐದು ಮನೆ, ಒಮ್ಮೊಮ್ಮೆ ಆರು. ಹತ್ತು ವರ್ಷದಲ್ಲಿ ನಲವತ್ತು ಮಂದಿಯ ಕೈ ಹಿಡಿದಿದ್ದಾಳೆ. ಇಪ್ಪತ್ತಮೂರು ಮಂದಿ ಎದ್ದು ನಡೆದರು. ಉಳಿದವರ ಹೆಸರೂ ಆಕೆಗೆ ನೆನಪಿದೆ. ರೊಟ್ಟಿ ಕೊಟ್ಟರೆ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ, ಕೊಡದಿದ್ದರೆ ಕೇಳುವುದಿಲ್ಲ. ಹೊಟ್ಟೆಪಾಡಿಗೆ ಮಧ್ಯಾಹ್ನವೆಲ್ಲ ಕುಳಿತು ನೇಕಾರರಿಗೆ ಕಂಡಿಕೆಗೆ ನೂಲು ಸುತ್ತಿಕೊಡುತ್ತಾಳೆ.

ಎಲುಬು ಕೂಡಿಸುವ ಕಾಶಪ್ಪ ಹುನಗುಂದದ ಕಡೆಯವನು. ಬಿದಿರು ದಬ್ಬೆ ಕಟ್ಟುವುದು, ಹೊತ್ತು ಬಂದಾಗ ಬಿಚ್ಚುವುದು ಅವನ ಕೆಲಸ. ಅವನು ಬಿಚ್ಚಿ ಹೂಂ ಅಂದ ಮೇಲೆಯೇ ಲಾಡಬಿ ಕೈ ಹಾಕುವುದು. ಅವನನ್ನು ಕೇಳಿದೆ: ಮುದುಕಿಯರೇ ಯಾಕೆ ಇಷ್ಟು ಮಂದಿ?

“ಅವರ ಎಲುಬು ಹುಳಾ ತಿಂದ ಜ್ವಾಳದ ದಂಟಿನಂಗ್ರಿ. ಮ್ಯಾಲೆ ನೋಡಾಕ ಗಟ್ಟಿ, ಒಳಗ ಟೊಳ್ಳು” ಎಂದ ಕಾಶಪ್ಪ. “ಮಂದಿ ಬಿದ್ದು ಮುರಕೊಂಡ್ಲು ಅಂತಾರ. ಎಷ್ಟೋ ಮಂದಿ ಮುರದು ಬೀಳ್ತಾರ. ಗುರುಲಿಂಗವ್ವ ಕೊಡಾ ಎತ್ತಾಕ ಬಗ್ಗಿದ್ಲು, ಅಷ್ಟ.”

ಲಾಡಬಿಗೆ ಈ ಮಾತು ಸಾಲದು. “ಮುಪ್ಪಿನಾಗ ಸವೆಯೂದಲ್ರಿ ಅದು. ಒಂಬತ್ತು ಹಡದು, ಒಂಬತ್ತಕ್ಕೂ ಮೊಲಿ ಕುಡಿಸಿ, ಗಂಡಗ ಹಾಲು, ಮಕ್ಕಳಿಗೆ ಮೊಸರು, ತಾ ಮಜ್ಜಿಗಿ ನೀರು ಕುಡದಾಗ ಸವದಿರ್ತಾವ. ಮುರಿಯೂದು ಆಮ್ಯಾಲೆ.” ಹೋದ ಮನೆಗಳಲ್ಲೆಲ್ಲ ಸೊಸೆಯಂದಿರಿಗೆ ಹೇಳುತ್ತಾಳೆ: ಮುದುಕಿಗೆ ಗಟ್ಟಿ ಮೊಸರು ಹಾಕಿರಿ, ಎಳ್ಳು ಕುಟ್ಟಿ ಕೊಡಿರಿ, ನುಗ್ಗೆಸೊಪ್ಪಿನ ಪಲ್ಯ ಮಾಡಿರಿ, ಬಿಸಿಲಿಗೆ ಕೂಡಿಸಿರಿ. ಹೂಂ ಅನ್ನುತ್ತಾರೆ. ಗುರುಲಿಂಗವ್ವ ಒಂದೇ ಹೊತ್ತು ಉಣ್ಣುತ್ತಿದ್ದಳು. ವಿಧವೆಗೆ ಅಷ್ಟು ಸಾಕೆಂದು ಆಕೆಗೇ ಅನಿಸಿತ್ತು.

ಇದನ್ನೆಲ್ಲ ಲಾಡಬಿ ಯಾರ ಹತ್ತಿರವೂ ಕಲಿತಿಲ್ಲ. ಆಕೆಗೆ ಇಪ್ಪತ್ತಿರುವಾಗ ತಾಯಿಯ ಸೊಂಟದ ಎಲುಬು ಮುರಿಯಿತು. ಎಂಟು ತಿಂಗಳು ಮಲಗಿಸಿದರು. “ಬಾಗಲಾ ತಗೀ, ಕೂಡ್ತೇನಿ ಅಂತ ಕೇಳ್ತಿದ್ಲು. ಮಲಗು, ಮಲಗು ಅಂತ ಅಂದಾಕಿ ನಾನ. ಎದಿ ಮ್ಯಾಲೆ ಕೈ ಇಟ್ಟು ಮಲಗಿಸೇನ್ರಿ. ಬೆನ್ನು ಕೊಳತು ಹ್ವಾದ್ಲು.” ಅಷ್ಟು ಹೇಳಿ, ಸುತ್ತುತ್ತಿದ್ದ ನೂಲು ತುಂಡಾಗಿದ್ದನ್ನು ಗಂಟು ಹಾಕಲು ಬಹಳ ಹೊತ್ತು ತೆಗೆದುಕೊಳ್ಳುತ್ತಾಳೆ.

ಮುಂದೆ ಪ್ಲೇಗು ಬಂತು. ಊರಿಗೆ ಊರೇ ಬಾಗಿಲು ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತು. ಲಾಡಬಿಯ ಅತ್ತೆ ಮಾಬುಬಿ ಆಗ ಎಲುಬು ಮುರಿದು ಹಾಸಿಗೆ ಹಿಡಿದು ಅರ್ಧ ವರ್ಷವಾಗಿತ್ತು. ಹೊರಸಿನ ಮೇಲೆ ಹೊತ್ತು ತಂದು ಗುಡಿಸಲಲ್ಲಿ ಇಳಿಸಿದರು. ಲಾಡಬಿ ಕೂಲಿಗೆ ಹೋದರೆ ನೀರು ಕೊಡುವವರಿಲ್ಲ. ಮುದುಕಿ ನೀರಿನ ಗಡಿಗೆಗೆ ಮೊದಲು ತೆವಳಿದಳು, ಆಮೇಲೆ ಗುಡಿಸಲಿನ ಕಂಬ ಹಿಡಿದು ನಿಂತಳು. ಊರು ಮತ್ತೆ ಬಾಗಿಲು ತೆರೆದ ದಿನ ನಡೆದುಕೊಂಡೇ ಮನೆಗೆ ಬಂದಳು. ಆಮೇಲೂ ಏಳು ವರ್ಷ ಬದುಕಿದಳು.

“ಆಕಿ ನಡದದ್ದು ನೋಡಿ ನನಗ ಖುಷಿ ಆಗ್ಲಿಲ್ರಿ. ನಮ್ಮವ್ವನೂ ಏಳ್ತಿದ್ಲಲ್ಲ ಅಂತ ಹೊಟ್ಟಿ ಉರೀತು” ಎನ್ನುತ್ತಾಳೆ ಲಾಡಬಿ.

ಎರಡನೆಯ ಸಲ ನಾನು ಇಳಕಲ್ಲಿಗೆ ಹೋದಾಗ ಶಿವರಾತ್ರಿ ಕಳೆದಿತ್ತು. ಗುರುಲಿಂಗವ್ವ ಅಂಗಳ ದಾಟಿ ಓಣಿಯವರೆಗೆ ನಡೆಯುತ್ತಿದ್ದಾಳೆಂದು ಕೇಳಿ ನೋಡಲು ಹೋದರೆ ಬಾಗಿಲು ಮುಚ್ಚಿತ್ತು. ಅಮಾತೆಪ್ಪ ಅಂಗಡಿಯಲ್ಲಿ ಸಿಕ್ಕ. ಕೆಟ್ಟವನಲ್ಲ. ತಾಯಿಯ ಮಾತು ಬಂದರೆ ದನಿ ಮೆತ್ತಗಾಗುತ್ತದೆ.

“ಮಂದಿ ಆಡ್ಕೊಳ್ಳಾಕ ಹತ್ಯಾರ್ರಿ ಮಾಸ್ತರ್ರ. ಕೂಡಿಸಿ ಊಟಾ ಹಾಕೂ ಮಗಾ ಇಲ್ಲೇನು, ಮುದುಕಿನ್ನ ಓಣ್ಯಾಗ ತಿರಗಸ್ತಾರ ಅಂತಾರ. ನಮ್ಮವ್ವ ಎಷ್ಟು ದುಡದಾಳ. ಇನ್ನ ಮಲಗಲಿ. ಗಾದಿ ಹೊಲಿಸೇನಿ, ಹತ್ತೀದು.”

ಲಾಡಬಿ ಬರುವುದು ಬೇಡವೆಂದು ಅವನು ಹೇಳಿಕಳಿಸಿದ್ದ. ಆಕೆ ಅಂಗಳಕ್ಕೆ ಹೋಗಲಿಲ್ಲ. ಓಣಿಯಲ್ಲಿ, ಕೋಣೆಯ ಹಿಂಗೋಡೆಗೆ ನಿಂತು ದಿನಾ ಬೆಳಿಗ್ಗೆ ಕರೆದಳು. ಮೇಲೆ ಸಣ್ಣ ಬೆಳಕಿಂಡಿ ಇತ್ತು. ಯವ್ವಾ, ಹೊರಳ್ಯಾಡು, ಕಾಲು ಮಡಚು, ಚಾಚು. ಒಳಗಿನಿಂದ “ಹೂಂ, ಮಡಚೇನಿ” ಎಂಬ ಉತ್ತರ ಬರುತ್ತಿತ್ತು. ಹತ್ತು ದಿನ ಬಂತು. ಆಮೇಲೆ ಕೆಮ್ಮು ಮಾತ್ರ. ಎದೆಯಲ್ಲಿ ಕಫ ಕಟ್ಟಿ, ಬೆನ್ನಿನಲ್ಲಿ ಹುಣ್ಣಾಗಿ, ಯುಗಾದಿಗೆ ನಾಲ್ಕು ದಿನ ಇರುವಾಗ ಗುರುಲಿಂಗವ್ವ ಆ ಹತ್ತಿಯ ಗಾದಿಯ ಮೇಲೆಯೇ ತೀರಿಕೊಂಡಳು.

ಅಮಾತೆಪ್ಪ ಊರು ನೋಡುವಂತೆ ಮಣ್ಣು ಮಾಡಿದ. ತನ್ನ ಅಂಗಡಿಯ ಒಳ್ಳೆಯ ಸೀರೆ ಹೊದಿಸಿದ. ಕಡೆಗಾಲದಲ್ಲಿ ಕಾಲು ನೆಲಕ್ಕೆ ಹಚ್ಚಗೊಡದೆ ನೋಡಿಕೊಂಡ ಮಗ ಎಂದು ಮಂದಿ ಹೊಗಳಿದರು. ಲಾಡಬಿ ದೂರದಲ್ಲಿ ನಿಂತು ಕೇಳಿದಳು. “ಕಾಲು ನೆಲಕ್ಕ ಹಚ್ಚಗೊಡಲಿಲ್ಲ ಅಂದದ್ದು ಖರೆ ಐತ್ರಿ” ಎಂದಳು, ಯುಗಾದಿ ಕಳೆದು ನಾನು ಮತ್ತೆ ಹೋದಾಗ. ಸಿಟ್ಟು ಯಾರ ಮೇಲೆ ಎಂದು ಕೇಳಿದೆ. “ಯಾರ ಮ್ಯಾಲ ಮಾಡ್ಲಿ? ನಾನೂ ಹಂಗ ಮಲಗಿಸ್ದಾಕಿ.”

ಅರವತ್ತು ದಾಟಿದ ಲಾಡಬಿಯ ಬೆನ್ನೂ ಈಗ ಬಾಗಿದೆ. ಹೋದ ವರ್ಷ ಎಡವಿ ಕೈಯೂರಿದಾಗ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿದೆ. ತನ್ನ ಮನೆಯ ಗೋಡೆಯಲ್ಲಿ ದೀಪ ಇಡುವ ಗೂಡನ್ನು ತೋರಿಸಿ, ಮದುವೆಯಾಗಿ ಬಂದಾಗ ಅದು ಎದೆಯ ಮಟ್ಟಕ್ಕಿತ್ತು, ಈಗ ಹುಬ್ಬಿನ ಮಟ್ಟಕ್ಕೆ ಬಂದಿದೆ ಎನ್ನುತ್ತಾಳೆ. ಹಾಗೆಂದು ಕೆಲಸ ಬಿಟ್ಟಿಲ್ಲ. ನಾನು ಹೊರಡುವ ಬೆಳಿಗ್ಗೆ ಕುಂಬಾರ ಓಣಿಯ ಸೋಮವ್ವನ ಎದುರು ನಿಂತಿದ್ದಳು. ಇದು ಗುಡಿಸಲು, ಹೊಸ್ತಿಲೂ ಇಲ್ಲ, ತಡೆಯುವವರೂ ಇಲ್ಲ. ಆದರೆ ಸೊಟ್ಟ ಕೈಗೆ ಸೋಮವ್ವನ ಭಾರ ತಡೆಯಲಾಗದೆ ಇಬ್ಬರೂ ತೂರಾಡಿ, ಅಲ್ಲೇ ನೆಲಕ್ಕೆ ಕುಳಿತುಬಿಟ್ಟರು. ಸುಧಾರಿಸಿಕೊಂಡ ಮೇಲೆ ನಿಮಗೇನು ಬೇಕೆಂದು ಲಾಡಬಿಯನ್ನು ಕೇಳಿದೆ.

ಊರ ಹಿರಿಯರಿಗೆ ಒಂದು ಮಾತು ಹೇಳಿದ್ದಾಳಂತೆ: ಓಣಿಯ ಗೋಡೆಗೆ ಸೊಂಟದೆತ್ತರಕ್ಕೆ ಉದ್ದಕ್ಕೆ ಒಂದು ಬಿದಿರಿನ ಗಳ ಬಡಿಸಿಕೊಡಿ, ಮುದುಕಿಯರು ಹಿಡಿದುಕೊಂಡು ತಾವೇ ನಡೆಯುತ್ತಾರೆ ಎಂದು. ಅವರು ನಕ್ಕರಂತೆ. ಬಡಿಗ ಹುಲ್ಲಪ್ಪ ಮಾತ್ರ ಗಳ ಸಿಕ್ಕರೆ ತಾನೇ ಬಡಿದುಕೊಡುವೆ ಎಂದಿದ್ದಾನೆ.

“ನಾ ಸತ್ತ ಮ್ಯಾಲೂ ಅದು ಇರತೈತಲ್ರಿ” ಎನ್ನುತ್ತ ಲಾಡಬಿ ಸೋಮವ್ವನ ಬಗಲಿಗೆ ಮತ್ತೆ ಕೈ ಹಾಕುತ್ತಾಳೆ. “ಎತ್ತು ಕಟ್ಟಾಕ ಈ ಊರಾಗ ಮನಿಗೊಂದು ಗೂಟ ಐತಿ. ಮುದುಕ್ಯಾರು ಹಿಡ್ಕೊಳ್ಳಾಕ ಓಣಿಗೊಂದು ಗಳ ಇದ್ರ ಸಾಕು.”