ಚಂದ್ರಿಯ ಹಳದಿ ಜಡೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ನಾನು ಎದುರಿಗೇ ನಕ್ಕುಬಿಡುತ್ತಿದ್ದೆ. ನಾವು ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಒಬ್ಬಳಲ್ಲ ಒಬ್ಬಳು ಹುಣಸೆಮರದ ದೆವ್ವವನ್ನು ಕೆಳಗಿಳಿಸುವವಳೇ. "ಅದಕ್ಕೂ ಒಂದು ಪ್ಯಾಂಟ್ ಹೊಲಿದು ಕೊಡ್ರೇ" ಎಂದು ನಾನು ಗೇಲಿ ಮಾಡುವವಳೇ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಿಮಗೇನಾದರೂ ಹೊಳೆದರೆ ಸಂತೋಷ.

ನಮ್ಮದು ಗುಮ್ಮಘಟ್ಟದ ಪಕ್ಕದ ಹಳ್ಳಿ. ಅಪ್ಪ ರಾಯದುರ್ಗಕ್ಕೆ ಜಟಕಾ ಹೊಡೆಯುತ್ತಿದ್ದ. ಶೇರ್ ಆಟೋಗಳು ಬಂದ ಮೇಲೆ ಜಟಕಾ ಹತ್ತುವವರೇ ಇಲ್ಲವಾದರು. ಕುದುರೆಯನ್ನು ಮಾರಿದರೆ ಇಟ್ಟಿಗೆ ಬಂಡಿಗೆ ಹೂಡಿ ಕೊಲ್ಲುತ್ತಾರೆಂದು ಅಪ್ಪ ನಮ್ಮ ಚಂದ್ರಿಯನ್ನು ಊರ ಕೆರೆಯೊಳಗೆ ಬಿಟ್ಟುಬಂದ. ಉಳಿದ ಜಟಕಾದವರೂ ಹಾಗೇ ಮಾಡಿದರು. ಐದಾರು ಕುದುರೆಗಳು ಸೇರಿ ಕೆರೆಯನ್ನೇ ಮನೆ ಮಾಡಿಕೊಂಡವು. ಮಳೆ ಬಂದು ನೀರು ನಿಂತಾಗ ಏರಿಯ ಮೇಲೆ, ಸುತ್ತಲ ಬೀಳಿನಲ್ಲಿ ಮೇಯುತ್ತಿದ್ದವು. ಬೇಸಿಗೆಗೆ ನೀರು ಕೆರೆಯ ನಡುಭಾಗಕ್ಕೆ ಇಳಿದಂತೆ ಅವೂ ಅಲ್ಲಿಗೇ ಇಳಿದು, ಜೊಂಡಿನ ಎಳೆ ಚಿಗುರು ತಿನ್ನುತ್ತ, ನೊಣದ ಕಾಟ ತಪ್ಪಿಸಿಕೊಳ್ಳಲು ಹೊಟ್ಟೆಮಟ್ಟದ ನೀರಿನಲ್ಲಿ ನಿಂತಿರುತ್ತಿದ್ದವು. ಸುತ್ತ ಮೊಣಕಾಲುದ್ದ ಹೂಳು. ಅದನ್ನು ತುಳಿದುಕೊಂಡು ಯಾರೂ ಒಳಗೆ ಹೋಗುತ್ತಿರಲಿಲ್ಲ.

ಚಂದ್ರಿ ಮಹಾ ಸಿಡುಕಿ. ಅಪ್ಪನನ್ನು ಬಿಟ್ಟರೆ ನನ್ನ ಅಕ್ಕ ಸುಶೀಲಳಿಗೆ ಮಾತ್ರ ಮೈ ಮುಟ್ಟಗೊಡುತ್ತಿತ್ತು. ನನ್ನ ಭುಜದ ಮೇಲೆ ಅದು ಕಚ್ಚಿದ ಗುರುತು ಇನ್ನೂ ಇದೆ. ಅಕ್ಕ ಎಡಚಿ. ಎರಡು ಎಳೆ ಕೂದಲಿಗೆ ಒಂದು ಎಳೆ ದಾರ ಸೇರಿಸಿ ಚಂದ್ರಿಯ ಕುತ್ತಿಗೆಯ ಕೂದಲನ್ನು ಜಡೆ ಹೆಣೆದು, ತುದಿಗೆ ತನ್ನದೇ ಒಂದು ಗಂಟು ಹಾಕುತ್ತಿದ್ದಳು. ಎಷ್ಟು ಸಲ ತೋರಿಸಿಕೊಟ್ಟರೂ ಆ ಗಂಟು ನನ್ನ ಕೈಗೆ ಹತ್ತಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಕ್ಕ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ಅಲ್ಲೇ ಕೆಲಸಕ್ಕಿದ್ದ ಅಮರಾಪುರದ ಕಡೆಯ ಹುಡುಗನನ್ನು ಮನೆಗೆ ಹೇಳದೆ ಮದುವೆಯಾದಳು. ಸುದ್ದಿ ತಿಳಿದ ದಿನ ಅವ್ವ ಫೋನಿನಲ್ಲಿ, "ಇನ್ನ ಈ ಹೊಸ್ತಿಲ ತುಳೀಬ್ಯಾಡ" ಅಂದುಬಿಟ್ಟಳು. ಅಂದಿನಿಂದ ಅಕ್ಕನ ನಂಬರು ಹತ್ತಲೇ ಇಲ್ಲ. ಎರಡು ವರ್ಷ ಅವಳು ಇದ್ದಾಳೋ ಇಲ್ಲವೋ ತಿಳಿಯಲಿಲ್ಲ. ಸಂಜೆ ಬಸ್ಸಿನ ಹಾರ್ನ್ ಕೇಳಿದರೆ ರೊಟ್ಟಿ ತಟ್ಟುವ ಅವ್ವನ ಕೈ ನಿಲ್ಲುತ್ತಿತ್ತು. "ಕರೆಸಬಾರ್ದೇನಬೇ?" ಎಂದರೆ, "ಆಕಿಗೆ ಬೇಕಾದ್ರ ತಾನಽ ಬರ್ತಾಳ" ಎನ್ನುವಳು. ಹಟದಲ್ಲಿ ತಾಯಿಯೂ ಮಗಳೂ ಒಂದೇ ಅಚ್ಚು.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಕರೆಂಟಿಲ್ಲದೆ ಶೆಡ್ಡಿಗೆ ರಜೆ. ಜಾಲಿ ಸೌದೆ ತರಲು ಮಧ್ಯಾಹ್ನ ಕೆರೆಗೆ ಹೋದೆ. ದೂರದಲ್ಲಿ ಜೊಂಡಿನ ಅಂಚಿಗೆ ಚಂದ್ರಿ ನಿಂತಿತ್ತು. ಕುತ್ತಿಗೆಯಲ್ಲಿ ಏನೋ ಹಳದಿ ಕಾಣಿಸಿತು. ಹಗ್ಗ ಸುತ್ತಿಕೊಂಡು ಉಸಿರು ಕಟ್ಟೀತೆಂದು ಗಾಬರಿಯಾಗಿ, ಸೀರೆ ಎತ್ತಿಕಟ್ಟಿ ಹೂಳಿಗಿಳಿದೆ. ಹತ್ತಿರ ಹೋದರೆ ಹಗ್ಗವಲ್ಲ, ಜಡೆ. ಎರಡು ಎಳೆ ಕೂದಲು, ಒಂದು ಎಳೆ ಜೀನ್ಸ್ ಹೊಲಿಯುವ ದಪ್ಪ ಹಳದಿ ದಾರ. ತುದಿಯಲ್ಲಿ ಅಕ್ಕನ ಗಂಟು.

ಆ ದಾರ ಮನೆಮನೆಗೂ ಜೀನ್ಸ್ ಹೊಲಿಯುವ ನಮ್ಮ ರಾಯದುರ್ಗದ ಚರಂಡಿಗಳಲ್ಲೂ ಬಿದ್ದಿರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಆದರೆ ಆ ಗಂಟು? ದಾರಕ್ಕೆ ಒಂದು ಚೂರು ಕೆಸರು ಹತ್ತಿರಲಿಲ್ಲ. ಯಾವತ್ತೂ ಹತ್ತಿರ ಸೇರಿಸದ ಚಂದ್ರಿ ನಾನು ಗಂಟು ಕೆಡದ ಹಾಗೆ ಆ ದಾರ ಬಿಚ್ಚಿಕೊಳ್ಳುವವರೆಗೂ ಮಿಸುಕದೆ ನಿಂತಿತು. ಹಿಂತಿರುಗಿ ನೋಡಿದೆ. ಹೂಳಿನಲ್ಲಿ ಗೊರಸಿನ ಗುರುತುಗಳಿದ್ದವು. ಮನುಷ್ಯರ ಹೆಜ್ಜೆ ನನ್ನವು ಮಾತ್ರ. ಎಲ್ಲ ಕಡೆಯೂ ಸುತ್ತಿ ಹುಡುಕಿದೆ, ಬೇರೆ ಒಂದೂ ಸಿಗಲಿಲ್ಲ. ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಏರಿ ಹತ್ತಿದೆ.

ಏರಿಯ ಮೇಲೆ ಕುರಿ ಕಾಯುವ ತಿಪ್ಪಣ್ಣ ಕೂತಿದ್ದ. "ಈ ಕುದುರಿ ಏನಾರ ಮ್ಯಾಲೆ ಬಂದಿದ್ವೇನ್ರಿ? ಯಾರಾರ ಹಿಡಿದಿದ್ರಾ?" ಎಂದೆ.

"ಇಲ್ಲ ತಂಗಿ. ನೀರು ಇಳಿದ ಮ್ಯಾಲೆ ಅವು ಏರಿ ಹತ್ತಂಗಿಲ್ಲ. ಹಗಲು ರಾತ್ರಿ ಅಲ್ಲೇ. ನಿಮ್ಮ ಚಂದ್ರಿನ್ನ ಹಿಡಿಯಾಕ ಹೋದಾವ ಹಲ್ಲು ಉದುರಿಸಿಕೊಂಡು ಬರಬೇಕಷ್ಟ" ಎಂದು ನಕ್ಕ.

ದಾರವನ್ನು ಅವ್ವನ ಕೈಗಿಟ್ಟೆ. ಗಂಟನ್ನು ಬೆರಳಲ್ಲಿ ಸವರಿ ಸವರಿ ನೋಡಿದಳು. "ಬಂದಿದ್ದಾಳ ಹುಡುಗಿ. ಕೆರಿ ತನಕ ಬಂದು ಮನಿಗೆ ಯಾಕ ಬರಲಿಲ್ಲ?" ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಎರಡು ವರ್ಷದ ಹಟ ಅಲ್ಲೇ ಕರಗಿತು. ಹೆಜ್ಜೆ ಗುರುತಿನ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಮರುದಿನವೇ ನನ್ನನ್ನು ಅಮರಾಪುರಕ್ಕೆ ಓಡಿಸಿದಳು. ವಿಚಾರಿಸುತ್ತ ಹೋಗಿ ಭಾವನ ಮನೆ ಹಿಡಿದೆ. ಅವರ ತಾಯಿ, "ಬಾರಮ್ಮ, ನಿಮ್ಮಕ್ಕ ದಿನಾ ನಿಮ್ಮನ್ನೇ ನೆನೀತಾಳೆ ಕಣಮ್ಮ" ಎಂದು ಕೂಡಲೇ ಬೆಂಗಳೂರಿಗೆ ಫೋನು ಹಚ್ಚಿಕೊಟ್ಟರು. ಅಕ್ಕನ ದನಿ ಕೇಳಿದ್ದೇ, "ಅವ್ವ ಕರೀತಾಳ, ಬಾ" ಎಂದೆ.

ಅವಳು ಬಂದಳು. ಅವ್ವ ಮೊದಲು ಕೇಳಿದ್ದೇ ಕೆರೆಯ ಸುದ್ದಿ. ಅಕ್ಕ ಕಣ್ಣು ಪಿಳಿಪಿಳಿ ಬಿಟ್ಟು, "ನಾ ಯಾವಾಗ ಬಂದೆ? ಇಲ್ಲೀ ತನಕ ರಜಾನೇ ಕೊಟ್ಟಿದ್ದಿಲ್ಲ" ಎಂದಳು. ಅವ್ವನ ಮುಖ ಸಣ್ಣಗಾಯಿತು. ನಾನು ಅಕ್ಕನ ಎಡಗೈ ಹಿಡಿದು ಕೆರೆಗೆ ಎಳೆದುಕೊಂಡು ಹೋದೆ.

ಕುದುರೆಗಳು ಅದೇ ನೀರಿನಲ್ಲಿ ನಿಂತಿದ್ದವು. ಅಕ್ಕ ಏರಿಯ ಮೇಲಿಂದಲೇ "ಚಂದ್ರೀ" ಎಂದು ಹಳೆಯ ರಾಗದಲ್ಲಿ ಕೂಗಿದಳು. ಚಂದ್ರಿ ಕಿವಿ ನಿಮಿರಿಸಿತು. ಆದರೆ ನಮ್ಮ ಕಡೆ ತಿರುಗಲಿಲ್ಲ. ಎದುರಿನ ಜೊಂಡಿನ ಕಡೆ ತಿರುಗಿ, ಮಾತು ಕೇಳುವ ಹಾಗೆ ಕತ್ತು ಚಾಚಿ, ಅದರೊಳಗೆ ನಡೆದುಹೋಯಿತು. ಅದು ಹಾಗೆ ತಿರುಗುವಾಗ ನಮ್ಮಿಬ್ಬರಿಗೂ ಕಾಣಿಸಿತು. ಕುತ್ತಿಗೆಯಲ್ಲಿ ಮತ್ತೆ ಹಳದಿ ಜಡೆ.

ಅಕ್ಕ ನನ್ನ ಹಿಡಿತದಿಂದ ಎಡಗೈ ಬಿಡಿಸಿಕೊಂಡು ನೋಡಿಕೊಂಡಳು. "ನಡಿ ಮನಿಗೆ" ಅಂದಳು.

ಒಳಗೆ ಕಾಲಿಟ್ಟವಳೇ ಅವ್ವನ ಮಗ್ಗುಲಲ್ಲಿ ಕೂತು, "ಹೌದಬೇ, ಬಂದಿದ್ದೆ. ನೀ ಬೈತೀ ಅಂತ ಹೆದರಿ, ಕೆರಿ ತನಕ ಬಂದು ತಿರುಗಿ ಹೋದೆ" ಎಂದಳು. ಅವ್ವ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

ಅದು ಅವ್ವನಿಗಾಗಿ ಹೇಳಿದ ಸುಳ್ಳೋ, ಬಂದೇ ಇಲ್ಲ ಎಂದು ಮೊದಲು ಹೇಳಿದ್ದೇ ಸುಳ್ಳೋ, ಅಕ್ಕ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಮೊದಲ ಜಡೆ ಅವಳದೇ ಎಂದು ಇಟ್ಟುಕೊಳ್ಳೋಣ. ಹೆಜ್ಜೆ ಮೂಡದೆ ಹೇಗೋ ಹೋಗಿ ಬಂದಳು ಎಂದೇ ಒಪ್ಪೋಣ. ಎರಡನೆಯದರ ದಿನ ಅವಳು ಬಸ್ಸಿಳಿದು ನೇರ ಮನೆಗೆ ಬಂದಿದ್ದಳು, ಅಲ್ಲಿಂದ ಆ ಜಡೆ ನೋಡುವವರೆಗೂ ಅವಳ ಎಡಗೈ ನನ್ನ ಕೈಯೊಳಗಿತ್ತು. ಅವ್ವನಿಗೆ ಮಾತ್ರ ಆ ಎರಡನೆಯ ಜಡೆಯ ಸುದ್ದಿಯನ್ನು ನಾವಿಬ್ಬರೂ ಹೇಳಿಲ್ಲ. ಮಗಳು ತಾನಾಗಿಯೇ ಬಂದಿದ್ದಳು ಎಂದೇ ನಂಬಿ ಮೊದಲ ಜಡೆಯ ದಾರವನ್ನು ಟ್ರಂಕಿನಲ್ಲಿಟ್ಟುಕೊಂಡಿದ್ದಾಳೆ.